ವಿಯೆನ್ನಾದ ಹೆಂಗಸರು, ನಮ್ಮ ಭುವನೇಶ್ವರಿ

ಕೆನಡಾದ ಮಾರ್ಕಮ್‌ನಲ್ಲಿ ನಾನು ಹೋಗುವ ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಯಾವಾಗಲೂ ಲವಂಗದೆಣ್ಣೆಯ ವಾಸನೆ. ಕಳೆದ ವಾರ ಅಲ್ಲಿ ಕಾಯುತ್ತ ಕುಳಿತಿದ್ದೆ. ಎದುರಿನ ಗೋಡೆಗೆ ಯಾವುದೋ ಮ್ಯೂಸಿಯಮ್ಮಿನ ಅಂಗಡಿಯಿಂದ ತಂದ ಕ್ಯಾಲೆಂಡರು. ಅದರಲ್ಲಿ ಅಕ್ಟೋಬರ್ ತಿಂಗಳ ಪಾಲಿಗೆ ಬಂದವಳು ಒಬ್ಬ ಹೆಂಗಸು. ತಲೆಯ ಮೇಲೆ ದ್ರಾಕ್ಷಿಗೊಂಚಲು, ಮಡಿಲಲ್ಲಿ ಸೇಬುಹಣ್ಣು, ಒಂದು ಭುಜದಿಂದ ಜಾರಿಯೂ ಪೂರ್ತಿ ಜಾರದಂತೆ ಎಚ್ಚರ ವಹಿಸಿರುವ ಕೆಂಪು ರೇಷ್ಮೆ. ಕಣ್ಣು ಮಾತ್ರ ಎಲ್ಲೋ ಬಾಗಿಲ ಕಡೆಗೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕಲಾವಿದನ ಹೆಸರಿತ್ತು, ವಿಯೆನ್ನಾ ಎಂದಿತ್ತು, ಹತ್ತೊಂಬತ್ತನೆಯ ಶತಮಾನ ಎಂದಿತ್ತು, ಚಿತ್ರದ ಶೀರ್ಷಿಕೆ ‘ಶರತ್ಕಾಲ’ ಎಂದಿತ್ತು. ಆ ಹೆಂಗಸಿನ ಹೆಸರು ಇರಲಿಲ್ಲ.

ಹೆಸರಿಲ್ಲದ ಚಿತ್ರ ನೋಡಿದರೆ ನನಗೆ ಇಂದಿಗೂ ಕೈ ತುರಿಸುತ್ತದೆ. ಕೆನಡಾಕ್ಕೆ ಬರುವ ಮುಂಚೆ ಬೆಂಗಳೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಉಪಸಂಪಾದಕಿಯಾಗಿದ್ದೆ. ಶುರುವಿನಲ್ಲಿ ನನ್ನ ಪಾಲಿಗೆ ಬಂದದ್ದು ಫೋಟೋಗಳಿಗೆ ಅಡಿಬರಹ ಬರೆಯುವ ಕೆಲಸ. ‘ಎಡದಿಂದ ಬಲಕ್ಕೆ’ ಎಂದು ನಾನು ಬರೆದಷ್ಟು ಸಲ ಭಕ್ತರು ರಾಮನಾಮವನ್ನೂ ಬರೆದಿರಲಾರರು. ನಮ್ಮ ಮುಖ್ಯ ಉಪಸಂಪಾದಕರು ಹೇಳುತ್ತಿದ್ದರು: “ನೋಡಮ್ಮ, ಹೆಸರು ತಪ್ಪಾದ್ರೆ ನಾಳೆ ತಿದ್ದುಪಡಿ ಹಾಕ್ಬಹುದು. ಹೆಸರೇ ಇಲ್ದಿದ್ರೆ ಆ ಮನುಷ್ಯ ಅಲ್ಲಿಗೆ ಬಂದೇ ಇಲ್ಲ ಅಂತ ಲೆಕ್ಕ.”

ಆದರೆ ಅವರ ಈ ನಿಯಮಕ್ಕೂ ವಿನಾಯಿತಿ ಇತ್ತು. ಮಳೆ ಬಂದರೆ ಕೊಡೆ ಹಿಡಿದ ಹುಡುಗಿಯ ಫೋಟೋ ಹಾಕಿ ‘ಮುಂಗಾರಿನ ಸಂಭ್ರಮ’ ಎನ್ನುತ್ತಿದ್ದೆವು. ಬಿಸಿಲೇರಿದರೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಸ್ಸು ಕಾಯುವವಳು ‘ಬೇಸಿಗೆಯ ಬೇಗೆ’. ಬಜೆಟ್ಟಿನ ಮರುದಿನ ಖಾಲಿ ತರಕಾರಿ ಚೀಲ ಹಿಡಿದ ಗೃಹಿಣಿ ‘ಬೆಲೆ ಏರಿಕೆ’. ಇವರ ಹೆಸರು ಕೇಳಬೇಕೆಂದು ಮುಖ್ಯ ಉಪಸಂಪಾದಕರಿಗೂ ಅನಿಸಲಿಲ್ಲ, ಡೆಸ್ಕಿನಲ್ಲಿ ಬೇರೆ ಯಾರಿಗೂ ಅನಿಸಲಿಲ್ಲ. ಪಕ್ಕದಲ್ಲೇ ಉದ್ಘಾಟನೆಯ ಫೋಟೋ ಇರುತ್ತಿತ್ತು. ಅದರಲ್ಲಿ ಕತ್ತರಿಯ ತಟ್ಟೆ ಹಿಡಿದವನನ್ನು ಬಿಟ್ಟು ಉಳಿದ ಅಷ್ಟೂ ಗಂಡಸರಿಗೆ ಹೆಸರು, ಹುದ್ದೆ, ಇನಿಷಿಯಲ್ಲು. ವಿಯೆನ್ನಾದವರ ಬಳಿ ಎಣ್ಣೆಬಣ್ಣವಿತ್ತು, ನಮ್ಮ ಬಳಿ ಕ್ಯಾಮೆರಾ ಇತ್ತು. ವ್ಯತ್ಯಾಸ ಅಷ್ಟೇ.

ಇದನ್ನು ನನಗೆ ಕಾಣಿಸಿದವಳು ನಾಗರತ್ನ. ಗದಗಿನವಳು. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಎತ್ತರದ ನಿಲುವು, ಅಗಲವಾದ ಹಣೆ. ಹುಬ್ಬುಗಳ ನಡುವೆ ಕುಂಕುಮ ಇಟ್ಟರೆ ಸಭಾಂಗಣದ ಕೊನೆಯ ಸಾಲಿಗೂ ಕಾಣಬೇಕು. ಕೇವಲ ಈ ಅರ್ಹತೆಯ ಮೇಲೆ ಅವಳು ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ನಾಲ್ಕು ವರ್ಷ ಬಿಡದೆ ತಾಯಿ ಭುವನೇಶ್ವರಿಯಾಗಿದ್ದಳು.

ಹೊರದೇಶದ ರಾಜ್ಯೋತ್ಸವವನ್ನು ನೀವು ನೋಡಿರದಿದ್ದರೆ ಸ್ವಲ್ಪ ಹೇಳಬೇಕು. ನವೆಂಬರ್ ಒಂದರಂದು ನಮಗೆ ಹಾಲ್ ಸಿಗುವುದಿಲ್ಲವಾದ್ದರಿಂದ ನಮ್ಮ ರಾಜ್ಯ ಹುಟ್ಟುವುದು ನವೆಂಬರಿನ ಯಾವುದಾದರೊಂದು ಶನಿವಾರ, ಬಾಡಿಗೆಗೆ ಹಿಡಿದ ಶಾಲೆಯೊಂದರ ಆಡಿಟೋರಿಯಮ್ಮಿನಲ್ಲಿ. ಮಕ್ಕಳ ಡ್ಯಾನ್ಸು, ಅವರ ತಾಯಂದಿರ ಡ್ಯಾನ್ಸು, ತಂದೆಯಂದಿರ ಹಾಸ್ಯ ಪ್ರಹಸನ, ಪ್ರಾಯೋಜಕರಾದ ರಿಯಲ್ ಎಸ್ಟೇಟ್ ಏಜೆಂಟರ ಭಾಷಣ, ಎಲ್ಲ ಮುಗಿದ ಮೇಲೆ, ಊಟಕ್ಕೆ ಮೊದಲು, ಪರದೆ ಸರಿಯುತ್ತದೆ. ಹಾಲಿನ ಕ್ರೇಟುಗಳ ಮೇಲೆ ಹಲಗೆ, ಹಲಗೆಯ ಮೇಲೆ ಯಾರದೋ ಮನೆಯ ಬೆಡ್‌ಶೀಟು, ಅದರ ಮೇಲೆ ತಾಯಿ. ಅರಿಸಿನ ಕೆಂಪು ಸೀರೆ, ಬಂಗಾರದ ಕಾಗದ ಅಂಟಿಸಿದ ಕಿರೀಟ, ಬಲಗೈಯಲ್ಲಿ ಬಾವುಟ, ಎಡಗೈಯಲ್ಲಿ ಅಭಯ. ಬೆನ್ನ ಹಿಂದೆ ಥರ್ಮಾಕೋಲಿನ ಕರ್ನಾಟಕ. ಒಂದು ವರ್ಷ ಅದನ್ನು ಸಾಗಿಸುವಾಗ ವ್ಯಾನಿನ ಬಾಗಿಲಿಗೆ ಸಿಕ್ಕಿ ಬೀದರ್ ಮುರಿದಿತ್ತು. ಅಂದಿನಿಂದ ನಮ್ಮ ರಾಜ್ಯವನ್ನು ಒಟ್ಟಾಗಿ ಹಿಡಿದಿಟ್ಟಿರುವುದು ಪ್ಯಾಕಿಂಗ್ ಟೇಪು.

ತಾಯಿ ಅಲ್ಲಾಡಬಾರದು. ಒಬ್ಬರು ಮೈಕಿನಲ್ಲಿ ನಾಡಿನ ಹಿರಿಮೆಯನ್ನು ಓದುತ್ತಿರುವಷ್ಟು ಹೊತ್ತೂ ಮುಗುಳ್ನಗುತ್ತ ನಿಲ್ಲಬೇಕು. ಓದುವವರು ನದಿಗಳಲ್ಲಿ ಒಂದನ್ನೂ ಬಿಡುತ್ತಿರಲಿಲ್ಲ, ಉಪನದಿಗಳನ್ನೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲದರ ಸೂತ್ರಧಾರರು ಅಧ್ಯಕ್ಷ ರಂಗನಾಥ್. ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು. ಅವರನ್ನು ನೀವು ಕೆಟ್ಟವರೆಂದು ತಿಳಿಯಬಾರದು. ಹಿಮ ಬಿದ್ದಾಗ ಪಕ್ಕದ ಮನೆಯ ಅಜ್ಜಿಯ ಬಾಗಿಲ ಮುಂದಿನದನ್ನೂ ಗೋರಿ ಕೊಡುತ್ತಾರೆ. ಕಾಲೇಜಿಗೆಂದು ಊರಿನಿಂದ ಬಂದ ಹುಡುಗರನ್ನು ಕಾರ್ಯಕ್ರಮ ಮುಗಿದ ಮೇಲೆ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯವರೆಗೂ ಕಾರಿನಲ್ಲಿ ಬಿಟ್ಟು, ಉಳಿದ ಪುಳಿಯೋಗರೆಯನ್ನು ಕಟ್ಟಿ ಕೊಡುತ್ತಾರೆ. ಪರದೆ ಸರಿದು ತಾಯಿ ಕಂಡಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ನಾಗರತ್ನಳನ್ನು ವರ್ಷವಿಡೀ, ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕರೂ, “ಏನ್ ತಾಯಿ, ಚೆನ್ನಾಗಿದೀರಾ?” ಎಂದೇ ಮಾತಾಡಿಸುತ್ತಿದ್ದರು. ಉತ್ತರಕ್ಕೆ ಕಾಯುತ್ತಿರಲಿಲ್ಲ, ಅಷ್ಟೇ. ದೇವರನ್ನು ಚೆನ್ನಾಗಿದ್ದೀಯಾ ಎಂದು ಕೇಳಿ ಯಾರು ಕಾಯುತ್ತಾರೆ?

ನಾನು ಅದೇ ಸಮಿತಿಯಲ್ಲಿದ್ದೆ. “ಮೇಡಂ ಪ್ರೆಸ್ಸಿನವರು” ಎಂದು ಮೊದಲ ದಿನವೇ ನಡಾವಳಿ ಬರೆಯುವ ಕೆಲಸ ನನಗೆ ಅಂಟಿತ್ತು. ಅದು ನನಗೆ ಹಿಡಿಸಿಯೂ ಇತ್ತು. ಎಲ್ಲರೂ ಕೂಗಾಡುವಾಗ ಸುಮ್ಮನೆ ಬರೆದುಕೊಳ್ಳುವವರಿಗೆ ಒಂದು ಬಗೆಯ ಗಾಂಭೀರ್ಯ ಬರುತ್ತದೆ, ಅದಕ್ಕೆ ಯಾವ ಶ್ರಮವೂ ಬೇಕಿಲ್ಲ.

ಎರಡು ವರ್ಷದ ಹಿಂದಿನ, ಅಂದರೆ 2017ರ ಸೆಪ್ಟೆಂಬರಿನ ಒಂದು ಭಾನುವಾರ ಥಾರ್ನ್‌ಹಿಲ್‌ನಲ್ಲಿರುವ ರಂಗನಾಥರ ಬೇಸ್‌ಮೆಂಟಿನಲ್ಲಿ ಮೀಟಿಂಗು. ಈ ದೇಶದಲ್ಲಿ ನಾನು ಡ್ರೈವಿಂಗ್ ಲೈಸೆನ್ಸ್ ಪಡೆದಿದ್ದೇನೆ, ಹೈವೇ ಹತ್ತುವ ಧೈರ್ಯ ಇನ್ನೂ ಪಡೆದಿಲ್ಲ. ಹಾಗಾಗಿ ನಾಗರತ್ನಳೇ ಬಂದು ಕರೆದುಕೊಂಡು ಹೋಗುತ್ತಿದ್ದಳು. ಅವತ್ತು ಒಂದು ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು:

“ಅಕ್ಕಾರ, ನಿಮಗೊಂದ ಕೇಳ್ತೀನಿ. ನನ್ನ ನೋಡಿದ್ರ ನಿಮಗ ಏನ ಅನಸ್ತೈತಿ?”

“ಏನನ್ಸುತ್ತೆ? ನಾಗರತ್ನ ಅನ್ಸುತ್ತೆ.”

“ನಿಮಗ ಹಂಗ ಅನಸ್ತೈತಿ. ರಂಗನಾಥ್ ಸರಗ ರಾಜ್ಯ ಅನಸ್ತೈತಿ.”

ಆಮೇಲೆ ವಿಷಯ ತಿಳಿಯಿತು. ಆ ಬೇಸಿಗೆಯಲ್ಲಿ ಅವಳು ಇಲ್ಲಿನ ಒಂದು ಕಾಲೇಜಿನ ಸಂಜೆ ತರಗತಿಗೆ ಸೇರಿದ್ದಳು. ಕಲೆಯ ಇತಿಹಾಸ. ಲ್ಯಾಬಿಗೂ ಕಲೆಗೂ ಎಲ್ಲಿಯ ಸಂಬಂಧ ಎಂದೆ.

“ಸಂಬಂಧ ಏನ ಇಲ್ರಿ. ಮಣ್ಣಿನ ಪಾತ್ರಿ ಮಾಡೂ ಕ್ಲಾಸ್ ತುಂಬಿತ್ತು. ಟ್ಯಾಂಗೋ ಡ್ಯಾನ್ಸಿಗೆ ಮೋಹನ ಬರೂದಿಲ್ಲ ಅಂದ. ನನ್ನ ಶಿಫ್ಟಿಗೆ ಹೊಂದಿದ್ದು ಇದೊಂದ.” ಮೋಹನ ಅವಳ ಗಂಡ, ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. “ಹಿಂದಿನ ಸೀಟಿನ ಮ್ಯಾಲ ಫೋಲ್ಡರ್ ಐತಿ, ತಗದ ನೋಡ್ರಿ.”

ಫೋಲ್ಡರಿನಲ್ಲಿ ಬಣ್ಣದ ಪ್ರಿಂಟುಗಳು. ಎಲ್ಲ ಹತ್ತೊಂಬತ್ತನೆಯ ಶತಮಾನದ ಆಸ್ಟ್ರಿಯಾದ ಚಿತ್ರಗಳು. ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತ, ಪದಕ ಪಡೆದ, ದಾಡಿ ಬಿಟ್ಟ ಕಲಾವಿದರು ಬರೆದವು. ಪ್ರತಿಯೊಂದರಲ್ಲೂ ಒಬ್ಬಳು ಹೆಂಗಸು, ಯಾವೊಬ್ಬಳೂ ತಾನಲ್ಲ. ತಕ್ಕಡಿ ಹಿಡಿದವಳು ನ್ಯಾಯ. ಹಲ್ಲಿನ ಚಕ್ರಕ್ಕೆ ಒರಗಿದವಳು ಕೈಗಾರಿಕೆ. ಆ ಬಟ್ಟೆಯಲ್ಲಿ ಅವಳು ಯಾವ ಕಾರ್ಖಾನೆಗೆ ಹೋದರೂ ಮೊದಲ ಪಾಳಿಯಲ್ಲೇ ಸೆರಗು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬಟ್ಟಲಿನಿಂದ ಹಾವಿಗೆ ಏನನ್ನೋ ಕುಡಿಸುತ್ತಿರುವವಳು ವೈದ್ಯಕೀಯ. ತೆರೆದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪುಸ್ತಕವನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿರುವವಳು ವಿಜ್ಞಾನ. ಒಬ್ಬಳು ವಸಂತ, ಒಬ್ಬಳು ವ್ಯಾಪಾರ, ಒಬ್ಬಳು ರೈಲ್ವೆ. ರೈಲ್ವೆಗೆ ರೆಕ್ಕೆ ಇದ್ದವು.

“ರೈಲ್ವೇನೂ ಹೆಣ್ಣಾ?” ಎಂದೆ.

“ಎಲ್ಲಾ ಹೆಣ್ಣ ಅಕ್ಕಾರ. ಟಿಕೀಟ್ ಕೊಡಾಂವ ಒಬ್ಬ ಗಂಡಸು.”

ಹಸಿರು ಬಿತ್ತು. ಹಿಂದಿನವನು ಹಾರ್ನ್ ಹೊಡೆದ. ಅವಳಿಗೆ ಇದರ ಬಗ್ಗೆ ರಾಜ್ಯೋತ್ಸವದಲ್ಲಿ ಮಾತಾಡಬೇಕಿತ್ತು. ನಾಲ್ಕು ಚಿತ್ರ ತೋರಿಸಿ ಹತ್ತೇ ನಿಮಿಷ, ಕನ್ನಡದಲ್ಲಿ.

ಬೇಸ್‌ಮೆಂಟಿನಲ್ಲಿ ಕಾಫಿ, ಖಾರ ಗೋಡಂಬಿ. ರಂಗನಾಥ್ ಲ್ಯಾಪ್‌ಟಾಪಿನಲ್ಲಿ ಕಾರ್ಯಕ್ರಮದ ಪಟ್ಟಿ ತೆರೆದಿದ್ದರು. ನಾಗರತ್ನ ಕೇಳಿದಳು. ಅವರು ಒಂದು ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡು ಪೂರ್ತಿ ಅಗಿದು ನುಂಗಿದರು.

“ಟಾಪಿಕ್ ಚೆನ್ನಾಗಿದೆ. ಆದ್ರೆ ತಾಯಿ, ಆಸ್ಟ್ರಿಯಾಗೂ ರಾಜ್ಯೋತ್ಸವಕ್ಕೂ ಏನ್ ಕನೆಕ್ಷನ್ನು?”

“ಕೆನಡಾಕ್ಕೂ ರಾಜ್ಯೋತ್ಸವಕ್ಕೂ ಏನ ಐತ್ರಿ? ನಾವ ಹಚ್ಚಿದ್ದು.”

“ಅದು ಬೇರೆ. ನೋಡಿ, ಎಲ್ಲಾ ಸ್ಲಾಟ್ ಫುಲ್ಲು. ಮಕ್ಕಳ ಡ್ಯಾನ್ಸ್ ಕಟ್ ಮಾಡಿದ್ರೆ ಪೇರೆಂಟ್ಸ್ ನನ್ನ ಕಟ್ ಮಾಡ್ತಾರೆ. ರಿಯಲ್ ಎಸ್ಟೇಟಿನವರನ್ನ ಕಟ್ ಮಾಡಿದ್ರೆ ಊಟ ಕಟ್ ಆಗುತ್ತೆ.”

“ಐದು ನಿಮಿಷ ಕೊಡ್ರಿ.”

“ಅದಲ್ಲ ವಿಷಯ. ನೀವು ಬಂದು ಲೆಕ್ಚರ್ ಕೊಟ್ರೆ ಆಮೇಲೆ ತಾಯಿ ಅಂತ ಜನ ಒಪ್ಕೋತಾರಾ? ಮಿಸ್ಟರಿ ಹೋಗ್ಬಿಡುತ್ತೆ. ಏನಂತೀರಾ ಮೋಹನ್?”

ಮೋಹನ ಕಾಫಿ ಲೋಟದ ಒಳಗೆ ನೋಡಿದ. “ಅಕಿಗೆ ಭಾಳ ಮನಸೈತ್ರಿ ಸರ್,” ಎಂದ. ಸಾಂಸ್ಕೃತಿಕ ಕಾರ್ಯದರ್ಶಿಯಾಗಿ ಅವನು ಹೇಳಬಹುದಾದದ್ದು ಅಷ್ಟು. ಗಂಡನಾಗಿ ಹೇಳಬೇಕಾದದ್ದು ಕಾಫಿಯೊಳಗೆ ಉಳಿಯಿತು. ನಾಗರತ್ನ ಒಮ್ಮೆ ನನ್ನ ಕಡೆ ತಿರುಗಿದಳು. ನಾನು ಬರೆದುಕೊಳ್ಳುತ್ತಿದ್ದೆ.

ಕೊನೆಗೆ ರಂಗನಾಥರಿಗೇ ಒಂದು ಉಪಾಯ ಹೊಳೆಯಿತು. ಮ್ಯಾನೇಜರುಗಳಿಗೆ ಹೊಳೆಯುವ ರೀತಿಯದು: ಕೇಳಿದವರಿಗೆ ಕೊಟ್ಟ ಹಾಗೂ ಆಗಬೇಕು, ಕೊಟ್ಟವರಿಗೆ ಖರ್ಚೂ ಆಗಬಾರದು. ಈ ಸಲ ತಾಯಿಯ ಸೀರೆಗೆ ಒಂದು ಕ್ಲಿಪ್ ಮೈಕು ಹಾಕೋಣ. ಹಿರಿಮೆಯೆಲ್ಲ ಓದಿ ಮುಗಿದ ಮೇಲೆ ತಾಯಿಯೇ ಬಾಯಿ ಬಿಟ್ಟು ಒಂದು ವಾಕ್ಯ ಹೇಳಲಿ: “ಮಕ್ಕಳೇ, ಕನ್ನಡ ಉಳಿಸಿ, ಬೆಳೆಸಿ.” ಸ್ವಲ್ಪ ಎಕೋ ಕೊಡೋಣ. ಜನಕ್ಕೆ ರೋಮಾಂಚನ ಆಗುತ್ತೆ.

ಅದೇ ಮೀಟಿಂಗಿನಲ್ಲಿ ಇನ್ನೊಂದು ನಿರ್ಣಯವೂ ಆಯಿತು. ಹಿಂದಿನ ವರ್ಷ ತಾಯಿ ವೇದಿಕೆಯ ಮೇಲೆ ನಿಂತಿದ್ದಾಗಲೇ ಬಿಸಿಬೇಳೆಬಾತಿನ ವಾಸನೆ ಒಳಗೆ ಬಂದು, ತುಂಗಭದ್ರೆಯ ಹೊತ್ತಿಗೆ ಅರ್ಧ ಹಾಲ್ ಖಾಲಿಯಾಗಿತ್ತು. ಮುಖ್ಯ ಅತಿಥಿಯ ಎದುರು ಅವಮಾನ. ಆದ್ದರಿಂದ ಈ ಸಲ ತಾಯಿ ಕಾಣಿಸಿದ ಕೂಡಲೇ ಎಲ್ಲರೂ ಎದ್ದು ಕೈ ಮುಗಿಯತಕ್ಕದ್ದು, ಬಾಗಿಲು ಮುಚ್ಚತಕ್ಕದ್ದು, ತಾಯಿ ಕೆಳಗೆ ಇಳಿಯುವವರೆಗೆ ಯಾರೂ ಕದಲತಕ್ಕದ್ದಲ್ಲ, ಊಟದ ಕೌಂಟರು ತೆರೆಯತಕ್ಕದ್ದಲ್ಲ. ಸೂಚಿಸಿದವರು ರಂಗನಾಥ್. ಸರ್ವಾನುಮತದಿಂದ ಅಂಗೀಕಾರ.

ವಾಪಸು ಬರುವಾಗ ನಾಗರತ್ನ ಒಂದು ಕಾಫಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು, ಇಳಿಯಲಿಲ್ಲ.

“ಕ್ಲಾಸಿನ್ಯಾಗ ಇದನ್ನೆಲ್ಲಾ ಇಂಗ್ಲಿಷಿನ್ಯಾಗ ಹೇಳಿದೆ ಅಕ್ಕಾರ. ಎಲ್ಲಾರೂ ಗುಡ್, ಗುಡ್ ಅಂದ್ರು. ಆದ್ರ ಅವ್ರ ಮುಂದ ನಾನೇನ ಕಿರೀಟ ಹಾಕ್ಕೊಂಡ ನಿಂತಿಲ್ಲ. ನಮ್ಮ ಮಂದಿ ಮುಂದ ನಿಂತೀನಿ, ಒಂದ ಮಾತ ಆಡಿಲ್ಲ. ನಮ್ಮ ಶ್ರೇಯಾ ಏನಂತಾಳ ಗೊತ್ತೇನ್ರಿ? ‘ಅಮ್ಮಾ, ಯು ಜಸ್ಟ್ ಸ್ಟ್ಯಾಂಡ್ ದೇರ್.’ ಅಕಿಗೆ ಕನ್ನಡ ಅಂದ್ರ ಅಷ್ಟ ನೋಡ್ರಿ. ಅವ್ವ ಚಂದಾಗಿ ಸೀರಿ ಉಟ್ಕೊಂಡ ಸುಮ್ಮನ ನಿಂದ್ರೂದು.”

ಶ್ರೇಯಾ ಅವಳ ಮಗಳು, ಇಲ್ಲೇ ಹುಟ್ಟಿದವಳು, ಆಗ ಹೈಸ್ಕೂಲಿನ ಮೊದಲ ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಡೆಸ್ಕಿನ ಅಭ್ಯಾಸದಂತೆ ನಾನು ಸಮಾಧಾನದ ಮಾತು ಹುಡುಕಿದೆ, ಸಿಕ್ಕಿದ್ದೆಲ್ಲ ಸಂಪಾದಕೀಯದ ಕೊನೆಯ ಪ್ಯಾರಾದಂತಿತ್ತು. “ಒಂದು ವಾಕ್ಯ ಆದ್ರೂ ಕೊಟ್ರಲ್ಲ,” ಎಂದೆ.

“ಹೌದ್ರಿ,” ಎಂದಳು, ಕಾರು ಶುರು ಮಾಡುತ್ತ. “ಮೈಕ್ ಕೊಟ್ಟಾರ.”

ನವೆಂಬರಿನ ಆ ಶನಿವಾರ ಎಲ್ಲವೂ ಕಾರ್ಯಕ್ರಮದ ಪಟ್ಟಿಗಿಂತ ಒಂದೂವರೆ ಗಂಟೆ ತಡವಾಗಿ ನಡೆಯಿತು, ಅಂದರೆ ಸರಿಯಾಗಿ ನಡೆಯಿತು. ಮುಖ್ಯ ಅತಿಥಿಯಾಗಿ ಬಂದವರು ಪೌರಸಭೆಯ ಒಬ್ಬ ಸದಸ್ಯರು. ಕನ್ನಡ ಬಾರದವರು, ಕೈ ಮುಗಿಯಲು ಚೆನ್ನಾಗಿ ಬಲ್ಲವರು. ಹಿಂದಿನ ಸಾಲುಗಳಲ್ಲಿ ಕಾಲೇಜು ಹುಡುಗರು, ಹೋಳಿಗೆ ಇದೆ ಎಂದು ಗೊತ್ತಾಗಿ ಬಂದವರು. ಪರದೆ ಸರಿಯಿತು. ತಾಯಿ ಕಂಡಳು. ನಿರ್ಣಯದಂತೆ ಎಲ್ಲರೂ ಎದ್ದು ಕೈ ಮುಗಿದರು. ಬಾಗಿಲು ಮುಚ್ಚಿತು. ರಂಗನಾಥ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನದಿಗಳು ಹರಿದವು. ಕೊನೆಗೆ ಸ್ಪೀಕರುಗಳಿಂದ ತಾಯಿಯ ಧ್ವನಿ ಬಂತು:

“ಮಕ್ಕಳೇ, ಕನ್ನಡ ಉಳಿಸಿ, ಬೆಳೆಸಿ.”

ಎಕೋ ಚೆನ್ನಾಗಿ ಬಂತು. ಚಪ್ಪಾಳೆ. ಪರದೆ ಎಳೆಯುವವನು ಹಗ್ಗಕ್ಕೆ ಕೈ ಹಾಕಿದ.

“ನಿಂದರಪಾ,” ಎಂದಳು ತಾಯಿ. “ಇನ್ನೊಂದೀಟು ಐತಿ.”

ಅವನು ನಿಂತ. ಭುವನೇಶ್ವರಿಯೇ ನಿಲ್ಲು ಎಂದರೆ ಯಾರು ತಾನೇ ಪರದೆ ಎಳೆದಾರು?

“ಎಲ್ಲಾರೂ ನಿಂತೀರಿ. ಕಾಲ ನೋಯ್ತಾವಲ್ಲಾ? ನನಗೂ ನೋಯ್ತಾವ. ನಾಲ್ಕ ವರ್ಷದಿಂದ ನೋಯ್ತಾವ. ಅದಕ್ಕ ನಿಮಗ ನನ್ನಂಗ ನಿಂತ ಬ್ಯಾರೆ ಹೆಣ್ಮಕ್ಕಳ ಕತಿ ಹೇಳ್ತೀನಿ. ಇವ್ರು ವಿಯೆನ್ನಾ ಅನ್ನೂ ಊರಿನವ್ರು. ನೂರೈವತ್ತ ವರ್ಷದ ಹಿಂದ ಆ ಊರಿನ ರಾಜ ಹಳೇ ಕ್ವಾಟಿ ಗ್ವಾಡಿ ಕೆಡವಿ, ಅಗಲ ರಸ್ತೆ ಮಾಡಿ, ದೊಡ್ಡ ದೊಡ್ಡ ಕಟ್ಟಡ ಕಟ್ಟಿಸಿದ. ಕಟ್ಟಡದ ಒಳಗ ಗ್ವಾಡಿ ಬರೇ ಇದ್ದವು. ಬರೇ ಗ್ವಾಡಿಗೆ ಹೆಣ್ಣ ಬೇಕಾತು.”

ಕಾಲೇಜು ಹುಡುಗರ ಸಾಲಿನಲ್ಲಿ ಯಾರೋ ನಕ್ಕರು. ರಂಗನಾಥ್ ಕೈ ಮುಗಿದುಕೊಂಡೇ ಕತ್ತು ತಿರುಗಿಸಿ ಸೌಂಡ್ ಬೋರ್ಡಿನ ಕಡೆ ನೋಡಿದರು. ಅಲ್ಲಿದ್ದವನು ಮೋಹನ. ಮೈಕು ಆರಿಸು ಎಂದು ಅವರು ಹುಬ್ಬಿನಲ್ಲೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಆದ್ದರಿಂದ ಇದನ್ನು ಕಣ್ಣಾರೆ ಕಂಡದ್ದೆಂದು ದಾಖಲಿಸುತ್ತೇನೆ: ಮೋಹನ ಎರಡೂ ಕೈಗಳನ್ನು ಎದೆಯ ಮುಂದೆ ಗಟ್ಟಿಯಾಗಿ ಜೋಡಿಸಿ, ಕಣ್ಣು ಮುಚ್ಚಿ, ಇಡೀ ಹಾಲಿನಲ್ಲಿ ಎಲ್ಲರಿಗಿಂತ ಭಕ್ತಿಯಿಂದ ನಿಂತಿದ್ದ. ಬಟನ್ ಒತ್ತಲು ಅವನಿಗೆ ಕೈ ಖಾಲಿ ಇರಲಿಲ್ಲ.

“ಕಾಯದೆ ಬರದವ್ರು ಗಂಡಸರು, ನ್ಯಾಯ ಅನ್ನಾಕಿ ಹೆಣ್ಣ. ಔಷಧ ಕೊಡವ್ರು ಗಂಡಸರು, ವೈದ್ಯಕೀಯ ಅನ್ನಾಕಿ ಹೆಣ್ಣ. ಚಿತ್ರ ಕಲಿಸೂ ದೊಡ್ಡ ಸಾಲಿ ಇತ್ತು ಅಲ್ಲೆ. ಆ ಸಾಲ್ಯಾಗ ಹೆಣ್ಮಕ್ಕಳಿಗೆ ಕಲಿಯಾಕ ಜಾಗ ಇರಲಿಲ್ಲ. ನಿಂದ್ರಾಕ ಇತ್ತು.”

ಈಗ ಯಾರೂ ನಗಲಿಲ್ಲ. ತೋರಿಸಲು ಅವಳ ಬಳಿ ಚಿತ್ರಗಳಿರಲಿಲ್ಲ. ಸ್ಕ್ರೀನೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಆದ್ದರಿಂದ ತಾನೇ ಚಿತ್ರವಾದಳು. ಬಾವುಟದ ಕೋಲನ್ನು ಹಲಗೆಗೆ ಊರಿ ತೋರಿಸಿದಳು: ನ್ಯಾಯದ ಕತ್ತಿಯ ತುದಿ ಯಾಕೆ ಯಾವಾಗಲೂ ನೆಲಕ್ಕೆ ತಾಗಿರುತ್ತದೆ ಗೊತ್ತೇ? ಎತ್ತಿ ಹಿಡಿದರೆ ತೋಳು ಬಿದ್ದುಹೋಗುತ್ತದೆ. ಒಂದು ಮೊಣಕಾಲು ಮಡಿಸಿ ಸೊಂಟ ವಾಲಿಸಿ ನಿಂತು ತೋರಿಸಿದಳು: ಇದನ್ನು ಪುಸ್ತಕಗಳಲ್ಲಿ ಲಾವಣ್ಯ ಎಂದು ಬರೆದಿದ್ದಾರೆ, ನಿಂತವಳಿಗೆ ಗೊತ್ತು ಅದು ಕಾಲು ಬದಲಿಸಿದ್ದು. ಮೂರನೆಯ ಸಾಲಿನ ಹಿರಿಯ ಹೆಂಗಸೊಬ್ಬರು, ಮದುವೆಗಳಲ್ಲಿ ಆರತಿ ತಟ್ಟೆ ಹಿಡಿದು ನಿಂತೇ ಕೂದಲು ಬೆಳ್ಳಗಾದವರು, “ಹೌದೇ ನಮ್ಮವ್ವ,” ಎಂದದ್ದು ಎಲ್ಲರಿಗೂ ಕೇಳಿಸಿತು.

“ಅವ್ರು ಯಾರ ಮಕ್ಕಳು, ಏನ ಹೆಸರು, ಸಂಜಿಕ ಮನಿಗೆ ಹೋಗಿ ಏನ ಅಡಗಿ ಮಾಡಿದ್ರು, ಯಾರೂ ಬರದ ಇಟ್ಟಿಲ್ಲ. ನಾನು ಲೈಬ್ರರಿಯೊಳಗ ಭಾಳ ಹುಡುಕಿದೆ. ನ್ಯಾಯ ಸಿಕ್ಕಳು, ವಸಂತ ಸಿಕ್ಕಳು. ನಿಂತಾಕಿ ಸಿಗಲಿಲ್ಲ.” ಎಕೋ ಇನ್ನೂ ಹಾಗೇ ಇತ್ತು, ಅವಳ ಉಸಿರೂ ಎರಡು ಸಲ ಕೇಳಿತು. “ನಾನು ನಾಗರತ್ನಾ. ಊರು ಗದಗ. ರಕ್ತ ಪರೀಕ್ಷಾ ಮಾಡ್ತೀನಿ. ನನಗ ಮಾತಾಡಾಕ ಬರತೈತಿ. ಈಗ ಊಟಕ್ಕ ಹೋಗ್ರಿ.”

ತಾನೇ ಕ್ರೇಟುಗಳಿಂದ ಇಳಿದಳು. ಬಾವುಟವನ್ನು ಗೌರವದಿಂದಲೇ ಗೋಡೆಗೆ ಒರಗಿಸಿದಳು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಅದು ಭಾಷಣಕ್ಕೋ ಊಟಕ್ಕೋ ಎಂಬುದನ್ನು ವಸ್ತುನಿಷ್ಠವಾಗಿ ಹೇಳಲಾರೆ.

ಮುಖ್ಯ ಅತಿಥಿಗಳು ಕೈ ಮುಗಿದಿದ್ದನ್ನು ಕೊನೆಗೂ ಬಿಟ್ಟು, “ವಾಟ್ ಎ ಬ್ಯೂಟಿಫುಲ್ ಪ್ರೇಯರ್,” ಎಂದರು. ರಂಗನಾಥ್ ಅವರನ್ನು ತಿದ್ದಲಿಲ್ಲ. ವಂದನಾರ್ಪಣೆಯಲ್ಲಿ, “ಈ ವರ್ಷ ತಾಯಿ ಸ್ವಲ್ಪ ಜಾಸ್ತಿನೇ ಆಶೀರ್ವಾದ ಮಾಡಿದ್ರು,” ಎಂದಷ್ಟೇ ಹೇಳಿದರು. ಅಧ್ಯಕ್ಷರಾಗಲು ಬೇಕಾದ ಗುಣ ಅವರಲ್ಲಿ ನಿಜಕ್ಕೂ ಇದೆ. ಊಟದ ಸಾಲಿನಲ್ಲಿ ನನ್ನ ಮುಂದಿದ್ದ ಮೈಸೂರಿನ ಹಿರಿಯರೊಬ್ಬರು ಬೇರೆಯೇ ಚಿಂತೆಯಲ್ಲಿದ್ದರು: “ಎಲ್ಲಾ ಸರಿ, ಆದ್ರೆ ಭುವನೇಶ್ವರಿ ಗದಗಿನ ಕಡೆ ಕನ್ನಡ ಮಾತಾಡ್ತಾಳೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.”

ಆ ಸಂಜೆ ನಾನು ನಾಗರತ್ನಳ ಮನೆಯವರ ಕಾರಿನಲ್ಲೇ ಮನೆಗೆ ಬಂದೆ. ಮೋಹನ ಓಡಿಸುತ್ತಿದ್ದ, ನಾಗರತ್ನ ಪಕ್ಕದಲ್ಲಿ, ಕಿರೀಟ ಅವಳ ಕಾಲ ಬಳಿ. ನಾನೂ ಶ್ರೇಯಾ ಹಿಂದೆ. ಹುಡುಗಿ ಬಹಳ ಹೊತ್ತು ಫೋನು ನೋಡಲಿಲ್ಲ, ಅದೇ ಒಂದು ಸುದ್ದಿ. ಆಮೇಲೆ ಕೇಳಿದಳು:

“ಸೋ ನೋಬಡಿ ನ್ಯೂ ದೇರ್ ನೇಮ್ಸ್?”

“ಯಾರಿಗೂ ಗೊತ್ತಿಲ್ಲವ್ವಾ,” ಎಂದಳು ನಾಗರತ್ನ.

“ಬಟ್ ದೇರ್ ಡಾಟರ್ಸ್ ನ್ಯೂ, ರೈಟ್?”

ನಾಗರತ್ನ ಹಿಂದೆ ತಿರುಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಮೂಗು ಒರೆಸಿಕೊಂಡಳು. ಮೋಹನ, ಎಂದೂ ಇಲ್ಲದ ಹಾಗೆ, ಹೀಟರು ಜಾಸ್ತಿಯಾಯಿತೇ ಎಂದು ಎಲ್ಲರನ್ನೂ ಒಬ್ಬೊಬ್ಬರಾಗಿ ವಿಚಾರಿಸಿದ.

ಮರುವರ್ಷ ಬಳಗದವರು ಅವಳನ್ನು ತಾಯಿಯಾಗಲು ಕೇಳಲಿಲ್ಲ. ಅವಳ ಮೊಣಕಾಲಿಗೆ ಒಳ್ಳೆಯದೇ ಆಯಿತು. ಈಗ ಚಳಿಗಾಲದ ಭಾನುವಾರಗಳಲ್ಲಿ ತನ್ನ ಬೇಸ್‌ಮೆಂಟಿನಲ್ಲಿ ನಮಗೆ ಚಿತ್ರ ತೋರಿಸಿ ಮಾತಾಡುತ್ತಾಳೆ. ಬರುವವರು ಹತ್ತು ಹನ್ನೆರಡು ಹೆಂಗಸರು, ಮಿರ್ಚಿ ಮಂಡಕ್ಕಿ ಇದ್ದರೆ ಇನ್ನೂ ನಾಲ್ವರು. ಶ್ರೇಯಾ ಲ್ಯಾಪ್‌ಟಾಪ್ ನಡೆಸುತ್ತಾಳೆ, ಮಧ್ಯೆ ಮಧ್ಯೆ ಅಮ್ಮನ ತಪ್ಪು ತಿದ್ದುತ್ತಾಳೆ, ಅರ್ಧ ಕನ್ನಡದಲ್ಲಿ.

ಬಳಗವು ತನ್ನ ಪಾಲಿಗೆ ಫ್ಲೆಕ್ಸಿನ ಭುವನೇಶ್ವರಿಯನ್ನು ಮಾಡಿಸಿತು. ಫ್ಲೆಕ್ಸಿಗೆ ಕಾಲು ನೋಯುವುದಿಲ್ಲ, ಊರೂ ಇಲ್ಲ. ಆದರೆ ವಾಟ್ಸಾಪಿನಲ್ಲಿ ಬಂದ ಸಣ್ಣ ಚಿತ್ರವನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದರಿಂದ ಹತ್ತಿರ ಹೋದವರಿಗೆ ತಾಯಿಯ ಮುಖ ಚೌಕಾಬಾರದ ಮನೆಗಳಂತೆ ಕಾಣುತ್ತಿತ್ತು. ಹೀಟರಿನ ಗಾಳಿಗೆ ಅದು ಸ್ಟ್ಯಾಂಡು ಸಮೇತ ವಾಲಿ, ಸ್ವಾಗತ ಭಾಷಣದ ನಡುವೆ ಆ ವರ್ಷದ ಮುಖ್ಯ ಅತಿಥಿಯನ್ನು ಅಪ್ಪಿಕೊಂಡಿತು.

ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದು ಇದೆಲ್ಲ ನೆನಪಾಗಿ ಬರೆಯುತ್ತಿರುವಾಗಲೇ, ನಿನ್ನೆ ಸಂಜೆ, ರಂಗನಾಥರ ಫೋನು ಬಂತು. ಅವರೇ ಇನ್ನೂ ಅಧ್ಯಕ್ಷರು.

“ಮೇಡಂ, ಈ ಸಲ ಫ್ಲೆಕ್ಸ್ ಬೇಡ ಅಂತ ಕಮಿಟಿ ಡಿಸೈಡ್ ಮಾಡಿದೆ. ಲೈವ್ ತಾಯೀನೇ ಬೇಕು. ನೀವ್ಯಾಕೆ ಆಗ್ಬಾರ್ದು?”

“ನಾನಾ? ರಂಗನಾಥ್, ನನಗೆ ಅರವತ್ತು ಹತ್ತಿರ ಬಂತು. ಎತ್ತರ ಐದಡಿ ಇಲ್ಲ.”

“ಇನ್ನೊಂದು ಕ್ರೇಟ್ ಹಾಕೋಣ ಮೇಡಂ, ಅದೇನ್ ದೊಡ್ಡ ವಿಷ್ಯ. ನಿಮಗೊಂದು ಗ್ರೇಸ್ ಇದೆ. ಮುಖ್ಯವಾಗಿ ನೀವು ಮಾತಾಡೋ ಪೈಕಿ ಅಲ್ಲ. ಇಷ್ಟು ವರ್ಷದಲ್ಲಿ ಒಂದು ಮೀಟಿಂಗಲ್ಲೂ ಬಾಯಿ ತೆಗೆದಿಲ್ಲ. ಬರ್ಕೋತೀರ, ಅಷ್ಟೇ.”

ಅವರು ಅದನ್ನು ಮನಃಪೂರ್ವಕ ಮೆಚ್ಚುಗೆಯಾಗಿಯೇ ಹೇಳಿದರು, ಅನುಮಾನವಿಲ್ಲ. ಸುದ್ದಿ ಬರೆಯುವವರು ಸುದ್ದಿಯೊಳಗೆ ಬರಬಾರದೆಂದು ನಾನು ಕಲಿತದ್ದು, ಕಲಿಸಿದ್ದು, ಒಂದು ಇಡೀ ಆಯುಷ್ಯ ಪಾಲಿಸಿದ್ದು. ಯಾವುದನ್ನು ನಾನು ನಿಷ್ಪಕ್ಷಪಾತ ಎಂದುಕೊಂಡು ಬಂದಿದ್ದೆನೋ ಅದು ಈ ಸಜ್ಜನರ ಕಣ್ಣಿಗೆ ಒಂದು ಒಳ್ಳೆಯ ಭಂಗಿಯಾಗಿ ಕಂಡಿತ್ತು.

“ಹಲೋ? ಮೇಡಂ? ಇದೀರಾ?”

“ಇದ್ದೀನಿ. ತಾಯಿ ಆಗೋಕೆ ಬರಲ್ಲ. ಆದ್ರೆ ನನಗೆ ಹತ್ತು ನಿಮಿಷ ಮಾತಾಡೋಕೆ ಬೇಕು. ಊಟಕ್ಕೆ ಮುಂಚೆ.”

ಆ ಕಡೆಯಲ್ಲಿ ಕುರ್ಚಿ ಕಿರುಗುಟ್ಟಿತು. “ಯಾವ ಟಾಪಿಕ್ಕು ಮೇಡಂ?”

“ಇನ್ನೂ ಗೊತ್ತಿಲ್ಲ ರಂಗನಾಥ್. ಮೊದಲು ಟೈಮು ಬರ್ಕೊಳ್ಳಿ.”